ಒನಕೆ ಬಿದ್ದ ಗ್ರಹಣ

ಮದ್ರಾಸ್ ಪ್ರಾಂತ್ಯದ ಕೊನೆಯ ವರ್ಷಗಳು. ರಾಯದುರ್ಗ ಆಗಿನ್ನೂ ಬಳ್ಳಾರಿ ಜಿಲ್ಲೆಯಲ್ಲಿತ್ತು; ನಾನು ಅಲ್ಲಿ ಸರ್ಕಾರಿ ವೈದ್ಯನಾಗಿದ್ದೆ. ಇಸವಿಯನ್ನು ಖಚಿತವಾಗಿ ಹೇಳಲಾರೆ. ಆ ಸಂಜೆಯ ಬಗ್ಗೆ ದಿನಚರಿಯಲ್ಲಿ ಬರೆದುಕೊಂಡದ್ದು ಅತ್ಯಲ್ಪ. ಉಳಿದದ್ದು ನೆನಪು, ಅದನ್ನು ನಾನು ಪೂರ್ತಿ ನಂಬುವವನಲ್ಲ.

ಗುಮ್ಮಘಟ್ಟದ ಕಡೆಯ ಹಳ್ಳಿಯಿಂದ ಕುರಿ ಸಾಕುವ ಹನುಮಂತಪ್ಪ ಬಂಡಿ ಕಟ್ಟಿಕೊಂಡು ಬಂದಿದ್ದ. ಅವನ ಹೆಂಡತಿ ಗಂಗಮ್ಮನಿಗೆ ಹಿಂದಿನ ದಿನದಿಂದ ಹೆರಿಗೆ ನೋವು. ನಾನು ಅವರ ಮನೆ ತಲುಪಿದಾಗ ಹೊತ್ತು ಮುಳುಗುತ್ತಿತ್ತು. ಮಗುವಿನ ತಲೆ ಸಿಕ್ಕಿಕೊಂಡಿತ್ತು, ಎದೆಬಡಿತ ಕ್ಷೀಣಿಸಿತ್ತು. ಫೋರ್ಸೆಪ್ಸ್, ಅಂದರೆ ತಲೆ ಹಿಡಿದು ಮಗುವನ್ನು ಹೊರತೆಗೆಯುವ ಇಕ್ಕಳ, ಅದೊಂದೇ ದಾರಿ. ನೀರು ಕಾಯಿಸಲು ಹೇಳಿ ಚೀಲ ಬಿಚ್ಚುವಷ್ಟರಲ್ಲಿ ಚಂದ್ರ ಮೂಡಿದ. ಮೂಡುವಾಗಲೇ ಗ್ರಹಣ ಹಿಡಿದಿತ್ತು.

ಗಂಗಮ್ಮನ ಅತ್ತೆ ಮಾರೆಕ್ಕ ಹಿತ್ತಾಳೆ ತಟ್ಟೆಗೆ ನೀರು ಹಾಕಿ ಅದರಲ್ಲಿ ಒನಕೆ ನಿಲ್ಲಿಸಿದಳು. ಗ್ರಹಣ ಇರುವಷ್ಟು ಹೊತ್ತು ಒನಕೆ ನಿಲ್ಲುತ್ತದೆ, ಬಿಟ್ಟಾಗ ಬೀಳುತ್ತದೆ ಎಂಬುದು ಅವರ ನಂಬಿಕೆ. ಅಲ್ಲಿಯವರೆಗೆ ಬಸುರಿಯ ಬಳಿ ಕಬ್ಬಿಣ ತರುವಂತಿಲ್ಲ.

"ಒನಕಿ ನಿಂತೈತ್ರಿ. ಬೀಳೋತನಕ ಆಕಿನ್ನ ಮುಟ್ಟಂಗಿಲ್ಲ."

ಕಂದೀಲಿನ ಮುಂದೆ ಮುಷ್ಟಿ ಹಿಡಿದು ಗೋಡೆಯ ಮೇಲೆ ನೆರಳು ಬೀಳಿಸಿದೆ. ಕಂದೀಲು ಸೂರ್ಯ, ಮುಷ್ಟಿ ನಾವಿರುವ ಭೂಮಿ, ಗೋಡೆ ಚಂದ್ರ. ಹುಣ್ಣಿಮೆಯಂದು ಮೂರೂ ಒಂದೇ ಸಾಲಿಗೆ ಬಂದರೆ ಭೂಮಿಯ ನೆರಳು ಚಂದ್ರನ ಮೇಲೆ ಬೀಳುತ್ತದೆ. ಚಂದ್ರಗ್ರಹಣವೆಂದರೆ ಅಷ್ಟೇ ಎಂದೆ.

"ನೆರಳಿನಾಟ ಸಣ್ಣ ಹುಡುಗ್ರಿಗೆ ತೋರಿಸ್ರಿ, ಸಾಹೇಬ್ರ. ನೀವೇನು ಹಡದೀರೇನು?"

ಹನುಮಂತಪ್ಪ ತಲೆ ತಗ್ಗಿಸಿ ನಿಂತಿದ್ದ. ಬೇಡಿಕೊಂಡೆ, ಗದರಿದೆ. ಸ್ಟೆತಸ್ಕೋಪಿಟ್ಟು ಮತ್ತೆ ಮತ್ತೆ ಆಲಿಸಿದೆ. ಮಗುವಿನ ಎದೆಬಡಿತ ಒಮ್ಮೊಮ್ಮೆ ಕೇಳುತ್ತಲೇ ಇರಲಿಲ್ಲ. ಕೊನೆಗೆ ಗಂಗಮ್ಮನೇ ಬಾಯಿ ಬಿಟ್ಟಳು: "ಅತ್ತೀ, ಒನಕಿ ಬೀಳೋತನಕ ನಾ ಇರಂಗಿಲ್ಲ."

ಒನಕೆ ದಡಾರನೆ ಬಿತ್ತು. ತಾನಾಗಿ ಬಿತ್ತೋ, ಮಾರೆಕ್ಕನ ಕಾಲು ತಗುಲಿತೋ, ಇಂದಿಗೂ ಹೇಳಲಾರೆ. ಅವಳ ಸೀರೆಯ ಅಂಚು ಒದ್ದೆಯಾಗಿತ್ತು ಎಂದು ಮಾತ್ರ ನೆನಪು.

"ಗ್ರಹಣ ಬಿಡ್ತು! ಮುಟ್ರಿ!" ಎಂದು ಕೂಗಿದಳು. ಬಾಗಿಲಾಚೆ ಚಂದ್ರ ಇನ್ನೂ ತಾಮ್ರದ ಬಣ್ಣದಲ್ಲೇ ಇದ್ದ. ಯಾರೂ ಅತ್ತ ನೋಡಲಿಲ್ಲ.

ಗಂಗಮ್ಮ ಉಳಿದಳು. ಮಗು ಉಸಿರಾಡಲಿಲ್ಲ.

ನನ್ನ ಕೈಗೆ ನೀರು ಹಾಕುತ್ತಿದ್ದ ಮಾರೆಕ್ಕ ತಗ್ಗಿದ ದನಿಯಲ್ಲಿ ಕೇಳಿದಳು: "ಬರೇ ನೆರಳು ಅಂದ್ರಲ್ಲ, ಖರೇ ಏನ್ರಿ? ಇನ್ನೊಮ್ಮೆ ಹೇಳ್ರಿ."

ಮನೆಯವರಿಗೆ ತಿಳಿವಳಿಕೆ ಹೇಳುವ ಕೆಲಸ ಚಿಕಿತ್ಸೆಯ ಜೊತೆಗೇ ಮುಗಿಯುವುದಿಲ್ಲವೆಂದು ವೃತ್ತಿ ನನಗೆ ಕಲಿಸಿದ್ದು ಆಗ. ಕಂದೀಲಿನ ಮುಂದೆ ಮತ್ತೆ ಮುಷ್ಟಿ ಹಿಡಿದೆ. ಈ ಸಲ ಮೊದಲಿನಿಂದ ನಿಧಾನವಾಗಿ ಹೇಳಿದೆ: ಕಂದೀಲು ಸೂರ್ಯ, ಮುಷ್ಟಿ ಭೂಮಿ, ಗೋಡೆ ಚಂದ್ರ.