ಫಳಾರ್ ಮೇಡಂ

ನನ್ನ ನಾದಿನಿಯನ್ನು ಅವಳ ಕಾಲೇಜಿನವರು ‘ಫಳಾರ್’ ಎಂದು ಕರೆಯುತ್ತಿದ್ದರು. ಗಾಜು ಒಡೆದಾಗ ಆಗುವ ಸದ್ದು. ಆ ಹೆಸರು ಮೊದಲು ನನ್ನ ಕಿವಿಗೆ ಬಿದ್ದದ್ದು ನಮ್ಮ ಮನೆ ಬಾಗಿಲಲ್ಲೇ. ಅವಳ ತರಗತಿಯ ಇಬ್ಬರು ಹುಡುಗಿಯರು ಪುಸ್ತಕ ಕೇಳಲು ಬಂದವರು, “ಫಳಾರ್ ಇದ್ದಾಳಾ ಆಂಟಿ?” ಎಂದು ಹಲ್ಲು ಕಿರಿದರು. ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ; ನಾನು ಅಲ್ಲಿ ಯಂತ್ರದ ಹತ್ತಿರ ಕೂತಿದ್ದೆ, ಕೈಯಲ್ಲಿ ಕತ್ತರಿ ಇತ್ತು. “ಇದ್ದಾಳೆ, ನಾನೂ ಇದ್ದೀನಿ. ಇನ್ನೊಂದ್ಸಲ ಹಾಗಂದ್ರೆ ನಿಮ್ಮಿಬ್ರ ಜಡೆ ಇಲ್ಲೇ ಉಳ್ಕೊಳ್ಳುತ್ತೆ ನೋಡಿ” ಎಂದೆ. ಪುಸ್ತಕವನ್ನೂ ಕೇಳದೆ ಕಾಲ್ಕಿತ್ತರು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಹೇಳುತ್ತಾರೆ. ಇರಲಿ ಬಿಡಿ. ಬಸ್ಸು ಓಡಿಸಿ ಬಂದು ಉಂಡು ಮಲಗುವ ಅವರಿಗಂತೂ ಸಿಟ್ಟು ಬರುವುದಿಲ್ಲ, ನಮ್ಮ ಅತ್ತೆಗೆ ಅಳು ಬಿಟ್ಟು ಬೇರೆ ಬರುವುದಿಲ್ಲ. ಮನೆಯಲ್ಲಿ ಒಬ್ಬರಿಗಾದರೂ ಸಿಟ್ಟು ಬೇಡವೇ?

ಆದದ್ದು ಇಷ್ಟು. ನಾದಿನಿ ಆಗ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು, ರಸಾಯನಶಾಸ್ತ್ರ. ಎಲ್ಲದರಲ್ಲೂ ಮುಂದು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಒಂದು ದ್ರವವನ್ನು ಕುದಿಸಿ, ಅದರ ಆವಿಯನ್ನು ತಣಿಸಿ, ಮತ್ತೆ ಹನಿ ಹನಿಯಾಗಿ ಹಿಡಿಯಬೇಕಿತ್ತು. ತಣಿಸುವುದಕ್ಕೆ ಕಂಡೆನ್ಸರ್ ಎಂಬ ಗಾಜಿನ ಕೊಳವೆ ಇರುತ್ತದೆ. ಕೊಳವೆಯೊಳಗೆ ಇನ್ನೊಂದು ಕೊಳವೆ. ಒಳಗಡೆ ಆವಿ ಹೋಗುತ್ತದೆ, ಹೊರಗಡೆ ತಣ್ಣೀರು ಹರಿಯುತ್ತಿರುತ್ತದೆ. ಮೊದಲು ನೀರು ಬಿಡಬೇಕು, ಆಮೇಲೆ ಬೆಂಕಿ ಹೊತ್ತಿಸಬೇಕು. ಇವಳು ಗಾಬರಿಯಲ್ಲಿ ನೀರು ಬಿಡುವುದನ್ನೇ ಮರೆತಳು. ಆವಿ ಬುಸುಬುಸು ಹೊರಗೆ ಬಂದಾಗ ನೆನಪಾಗಿ, ಕಾದು ಕೆಂಡದಂತಿದ್ದ ಗಾಜಿಗೆ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಫಳಾರ್!

ಅಷ್ಟಾದ ಮೇಲೆ ಏನಾದರೂ ಮಾಡಬೇಕಿತ್ತು. ಮಾಡಲಿಲ್ಲ. ಗಂಟೆ ಬಾರಿಸುವವರೆಗೂ ಕೈ ಕಟ್ಟಿ ನಿಂತೇ ಇದ್ದಳಂತೆ. ಪರೀಕ್ಷೆ ನಡೆಸಿದವರು ಅದೇ ಕಾಲೇಜಿನ ಒಬ್ಬರು ಹಿರಿಯ ಮೇಡಂ. ಹುಡುಗರ ಮುಖಕ್ಕಿಂತ ಗೋಡೆಯ ಗಡಿಯಾರವನ್ನೇ ಹೆಚ್ಚು ನೋಡುತ್ತಿದ್ದರಿಂದ ಅವರಿಗೆ ‘ಗಡಿಯಾರ ಮೇಡಂ’ ಎಂದೇ ಹೆಸರು. ಅವರು ಸಿ ಗ್ರೇಡ್ ಕೊಟ್ಟರು. ಉಳಿದದ್ದೆಲ್ಲ ಎ, ಇದೊಂದು ಸಿ. ಹೊಸ ಬಟ್ಟೆಗೆ ಯಂತ್ರದ ಎಣ್ಣೆ ಬಿದ್ದರೆ ಹೇಗಿರುತ್ತದೆಯೋ ಹಾಗಿತ್ತು ಆ ಅಂಕಪಟ್ಟಿ. ಎಂ.ಎಸ್ಸಿ.ಗೆ ಸೇರಲು ಪ್ರಾಕ್ಟಿಕಲ್‌ನಲ್ಲಿ ಬಿ ಆದರೂ ಇರಲೇಬೇಕಿತ್ತು. ಸೀಟು ಸಿಗಲಿಲ್ಲ. ಅತ್ತೆ ಮೂಲೆ ಹಿಡಿದು ಕೂತರು. ನನ್ನ ಗಂಡ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದರು. ನಾನು ಆ ಗಡಿಯಾರ ಮೇಡಂಗೆ ವಾರವಿಡೀ ಮನಸಾರೆ ಶಾಪ ಹಾಕಿದೆ.

ಅವರ ಕಾಲೇಜಿನಲ್ಲಿ ಒಂದು ಪದ್ಧತಿ ಇದೆ. ಗಾಜಿನ ಸಾಮಾನು ಒಡೆದವರೇ ಅದರ ಚೂರುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಗಾಜಿನ ಕಾರ್ಖಾನೆಗೆ ಒಯ್ಯಬೇಕು. ಬೇರೆಯವರ ಕೈಲಿ ಕಳಿಸುವ ಹಾಗಿಲ್ಲ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ, ಕಟ್ಟಡದ ಹಿಂದೆ ತಗ್ಗು ಮಾಡಿನ ಒಂದು ಕೋಣೆ. ಅಲ್ಲಿ ಒಬ್ಬ ಅಜ್ಜ ಬೆಂಕಿಯ ಮುಂದೆ ಕೂತು ಕೊಳವೆ, ಸೀಸೆ, ಕಂಡೆನ್ಸರ್ ಎಲ್ಲ ಮಾಡುತ್ತಿದ್ದ. ಎಲ್ಲರ ಬಾಯಲ್ಲೂ ಗಾಜಿನಜ್ಜ. ನಾದಿನಿ ತಟ್ಟೆ ಹಿಡಿದು ಹೋದಾಗ ಅಜ್ಜ ಬಯ್ಯಲಿಲ್ಲವಂತೆ. “ಕೂತ್ಕೋ ಮಗಳೇ, ಎಲ್ಲಿ ಒಡೆದಿದೆ ನೋಡೋಣ” ಎಂದನಂತೆ. ಇವಳು ಕೂತಳು. ಮರುದಿನ ಮತ್ತೆ ಹೋದಳು. ಸೀಟು ಕೈತಪ್ಪಿದ ಮೇಲೂ ಹೋದಳು. ಕೊನೆಗೆ ಅಜ್ಜನೇ ಮಾತಾಡಿ ಅವಳನ್ನು ಹಂಗಾಮಿ ಸಹಾಯಕಿಯಾಗಿ ಇಟ್ಟುಕೊಂಡ.

ಸುಳ್ಳು ಯಾಕೆ ಹೇಳಲಿ, ನನಗೆ ಇದು ಒಂಚೂರೂ ಇಷ್ಟವಿರಲಿಲ್ಲ. ಓದಿದ ಹುಡುಗಿ, ಸಂಜೆ ಮನೆಗೆ ಬಂದರೆ ಬೆರಳ ತುಂಬಾ ಬೊಬ್ಬೆ. “ಡಿಗ್ರಿ ಮಾಡಿದ್ದು ಬೆಂಕಿ ಊದೋಕಾ?” ಎಂದು ಒಂದು ದಿನ ಜಗಳವಾಡಲೆಂದೇ ಅಲ್ಲಿಗೆ ಹೋದೆ. ಇವಳು ಬಣ್ಣದ ಕನ್ನಡಕ ಹಾಕಿಕೊಂಡು, ಎರಡೂ ಕೈಯಲ್ಲಿ ಒಂದು ಕೊಳವೆ ಹಿಡಿದು ಜ್ವಾಲೆಯಲ್ಲಿ ತಿರುಗಿಸುತ್ತಿದ್ದಳು. ಗಾಜು ಜೇನಿನ ಹಾಗೆ ಮೆತ್ತಗಾಗಿತ್ತು. ತುದಿಗೆ ಬಾಯಿಟ್ಟು ಮೆಲ್ಲನೆ ಊದಿದಳು. ನಡುವೆ ಉರುಟಾಗಿ ಒಂದು ಬುರುಡೆ ಉಬ್ಬಿತು. ಅವಳ ಮುಖದಲ್ಲಿ ಆ ಕಳೆಯನ್ನು ನಾನು ಆ ಮನೆಗೆ ಬಂದಂದಿನಿಂದ ಕಂಡಿರಲಿಲ್ಲ. ಜಗಳ ಬಾಯಲ್ಲೇ ಉಳಿಯಿತು. ಅಜ್ಜ ಕೆಳಗೆ ಕಾಲಿನಿಂದ ತಿದಿ ತುಳಿಯುತ್ತಾ ಬೆಂಕಿಗೆ ಗಾಳಿ ಕೊಡುತ್ತಿದ್ದ. ನನ್ನ ಹೊಲಿಗೆ ಯಂತ್ರದ ಹಾಗೆಯೇ ಅದು. “ಸ್ವಲ್ಪ ತುಳೀತೀರಾ ತಾಯಿ?” ಎಂದು ಕೇಳಿದ. ತುಳಿದೆ. “ಅಬ್ಬಾ, ಏನು ಕಾಲು! ಒಂದೇ ಸಮ!” ಎಂದ. ನನ್ನ ಕಾಲನ್ನು ಅಷ್ಟು ಹೊಗಳಿದವರು ಇನ್ನೊಬ್ಬರಿಲ್ಲ.

ವರ್ಷಗಳು ಕಳೆದವು. ಅಜ್ಜನ ಕಣ್ಣು ಮಂಜಾಗಿ ಅವನು ಕೆಲಸ ಬಿಟ್ಟ. ಅಷ್ಟರಲ್ಲಿ ಇವಳ ಕೈ ಅಜ್ಜನ ಕೈಗೆ ಸಮನಾಗಿತ್ತು. ಇನ್ನು ಕಾರ್ಖಾನೆ ಅವಳದೇ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಕಚೇರಿಯ ಗುಮಾಸ್ತ ಅವಳ ಅಂಕಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ, “ಆ ಹುದ್ದೆಗೆ ಪ್ರಾಕ್ಟಿಕಲ್‌ನಲ್ಲಿ ಬಿ ಇರ್ಬೇಕಮ್ಮ. ನಿಮ್ಮದು ಸಿ” ಎಂದನಂತೆ. “ಆ ಕಂಡೆನ್ಸರ್‌ಗಳನ್ನೆಲ್ಲ ಮಾಡ್ತಿರೋದೇ ನಾನು ಸರ್” ಎಂದಳಂತೆ ಇವಳು. “ಮಾಡಿರ್ಬಹುದು, ಇಲ್ಲ ಅಂದೋರು ಯಾರು? ನಿಯಮ ನಿಯಮಾನೇ.” ಬಿ ಇರುವವರು ಯಾರೂ ಸಿಗದಿದ್ದರೆ ಕೋಣೆಗೆ ಬೀಗ ಹಾಕಿ, ಸಾಮಾನನ್ನೆಲ್ಲ ಹೊರಗಿನಿಂದ ತರಿಸುವುದೆಂದು ಆಗಲೇ ತೀರ್ಮಾನವಾಗಿತ್ತು. ಹೊಸದಾಗಿ ಏನೂ ಮಾಡಬೇಡಿ ಎಂದು ಇವಳ ಕೆಲಸವನ್ನೂ ನಿಲ್ಲಿಸಿದ್ದರು. ಇದ್ದದ್ದು ಒಂದೇ ದಾರಿ. ಅದೇ ಪರೀಕ್ಷೆಗೆ, ಒಂದೇ ಒಂದು ಸಲ, ಮತ್ತೆ ಕೂರಬಹುದಿತ್ತು. ಬಿ ಬಂದರೆ ಕಾರ್ಖಾನೆ ಉಳಿಯುತ್ತದೆ, ಬರದಿದ್ದರೆ ಅವಳ ಬೆಂಕಿ ಆರುತ್ತದೆ.

“ಕೂರ್ತೀನಿ” ಎಂದಳು. ತನಗಿಂತ ಎಷ್ಟೋ ಚಿಕ್ಕ ಹುಡುಗಿಯರ ಸಾಲಿನಲ್ಲಿ, ಅದೇ ಗಡಿಯಾರ ಮೇಡಂ ಮುಂದೆ.

ಆ ದಿನ ನಾನು ಅಂಗಡಿ ಮುಚ್ಚಿ ಅವಳ ಜೊತೆಗೇ ಹೋದೆ. ಪರೀಕ್ಷೆ ಮುಗಿಯುವವರೆಗೂ ಕಾರ್ಖಾನೆಯ ಮೆಟ್ಟಿಲ ಮೇಲೆ ಕೂತಿರುವುದು ಎಂದು ತೀರ್ಮಾನ. ಅವಳ ಊಟದ ಡಬ್ಬಿ, ಇನ್ನೂ ಅವಳಿಂದ ವಾಪಸು ಪಡೆಯದಿದ್ದ ಕಾರ್ಖಾನೆಯ ಕೀಲಿ ಎಲ್ಲ ನನ್ನ ಚೀಲದಲ್ಲಿದ್ದವು. ಪ್ರಯೋಗಾಲಯದ ಕಿಟಕಿ ಅಂಗಳದಾಚೆ ಕಾಣುತ್ತಿತ್ತು, ಆದರೆ ಒಳಗಿನದೇನೂ ಕಾಣುತ್ತಿರಲಿಲ್ಲ. ನಾನು ಉಗುರು ಕಚ್ಚುತ್ತಾ ಕೂತಿದ್ದೆ. ಆಗ ಕೇಳಿಸಿತು. ಫಳಾರ್!

ದಡಕ್ಕನೆ ಎದ್ದು ನಿಂತೆ. ಸ್ವಲ್ಪ ಹೊತ್ತಿಗೆ ಇವಳು ಒಡೆದ ಕಂಡೆನ್ಸರ್ ಹಿಡಿದು ಓಡಿ ಬರುವುದು ಕಂಡಿತು. ಅಯ್ಯೋ, ಮತ್ತೆ ಒಡೆದಳಲ್ಲಪ್ಪಾ ಎಂದು ತಲೆ ಮೇಲೆ ಕೈ ಹೊತ್ತೆ.

“ಅತ್ತಿಗೆ, ಕೀಲಿ! ಬೇಗ!”

“ಮತ್ತೆ ಒಡೆದ್ಯೇನೇ?”

“ನನ್ನದಲ್ಲ. ಪಕ್ಕದ ಹುಡುಗೀದು. ನೀರು ಬಿಡೋಕೆ ಮರೆತು ಆಮೇಲೆ ಬಿಟ್ಳು. ಉಗ್ರಾಣದಲ್ಲಿ ಬೇರೆ ಒಂದೂ ಇಲ್ಲ.”

ಪಿತ್ತ ನೆತ್ತಿಗೇರಿತು ನನಗೆ. “ನಿನಗೇನು ತಲೆ ಕೆಟ್ಟಿದ್ಯಾ? ಅವಳು ಒಡೆದ್ರೆ ಅವಳು ನೋಡ್ಕೋತಾಳೆ! ನಿನ್ನ ಜೀವಮಾನಕ್ಕೆಲ್ಲ ಇದೊಂದೇ ಪರೀಕ್ಷೆ ಕಣೇ! ಆ ಮೇಡಂ ಸುಮ್ನೆ ಬಿಟ್ರಾ?”

“‘ಹೋಗು, ಆದ್ರೆ ಗಡಿಯಾರ ನಿಲ್ಲಲ್ಲ’ ಅಂದ್ರು.” ಅಷ್ಟು ಹೇಳುವಾಗಲೇ ಬೀಗ ತೆಗೆದಾಗಿತ್ತು. “ಅವಳು ಕೈ ಕಟ್ಕೊಂಡು ನಿಂತುಬಿಟ್ಳು ಅತ್ತಿಗೆ. ನಾನು ನಿಂತಿದ್ನಲ್ಲ, ಥೇಟ್ ಹಾಗೇ. ನನ್ನ ಕೈಲಿ ನೋಡೋಕಾಗ್ಲಿಲ್ಲ. ನನ್ನದಿನ್ನೂ ಹೊತ್ತಿಸಿರ್ಲಿಲ್ಲ, ನನ್ನ ಕಂಡೆನ್ಸರ್ ಅವಳಿಗೆ ಕೊಟ್ಟು ಬಂದೆ. ಇದು ನನಗೆ.”

“ಒಡೆದದ್ದು ನಿನಗಾ? ಅಯ್ಯೋ ದೇವರೇ! ಬೆಸೆದು ಇದನ್ನೇ ಅವಳಿಗೆ ಕೊಡೋದಲ್ವೇನೇ?”

“ಬೆಸೆದದ್ದು ಮತ್ತೆ ಬಿಟ್ಕೊಂಡ್ರೆ ಅವಳೇನು ಮಾಡ್ತಾಳೆ? ನನ್ನ ಕೈಯಲ್ಲಿ ಬಿಟ್ಕೊಂಡ್ರೆ ನಾನು ಬೆಸೆದದ್ದು, ನನ್ನ ಹಣೆಬರಹ. ಈಗ ಬಯ್ಬೇಡಿ ಅತ್ತಿಗೆ, ಕೈ ನಡುಗುತ್ತೆ. ತಿದಿ ತುಳೀರಿ.”

ಬಯ್ಗುಳ ನುಂಗಿಕೊಂಡು ತುಳಿದೆ. ಅವಳು ಕೊಳವೆಯೊಳಗಿನ ನೀರನ್ನು ಊದಿ ಊದಿ ಒಣಗಿಸಿದಳು. ಪುಣ್ಯಕ್ಕೆ ಚೂರೇನೂ ಉದುರಿರಲಿಲ್ಲ; ಒಳಗಿನ ಕೊಳವೆಯನ್ನು ಹೊರಗಿನದಕ್ಕೆ ಬೆಸೆದ ಜಾಗದಲ್ಲೇ ಅರ್ಧ ಸುತ್ತು ಬಿರುಕು ಬಿಟ್ಟಿತ್ತು. ಮೊದಲು ಹಳದಿ ಜ್ವಾಲೆಯಲ್ಲಿ ದೂರದಿಂದ ಬಿಸಿ ತೋರಿಸಿದಳು. ನನಗೆ ತಡೆಯಲಾಗಲಿಲ್ಲ, “ಬೇಗ ಬೇಗ” ಎಂದೆ. “ಅವಸರ ಮಾಡಿಯೇ ಅಲ್ವಾ ಒಡೆದದ್ದು?” ಎಂದಳು. ಆಮೇಲೆ ನೀಲಿ ಜ್ವಾಲೆ. ಗಾಜು ಕೆಂಪಾಗಿ ಮೆತ್ತಗಾಯಿತು, ಬಿರುಕು ತುಟಿ ಮುಚ್ಚಿಕೊಂಡಿತು. ಒಂದು ತುದಿಗೆ ಬಾಯಿಟ್ಟು ಒಂದು ಉಸಿರಿನಷ್ಟೇ ಮೆಲ್ಲಗೆ ಊದಿದಳು. ನನ್ನ ಮೊಣಕಾಲು ಪದ ಹೇಳತೊಡಗಿತ್ತು, ಆದರೂ ಒಂದು ಹೆಜ್ಜೆ ಹೆಚ್ಚು ಕಡಿಮೆ ಮಾಡಲಿಲ್ಲ. ಜ್ವಾಲೆ ಅಳ್ಳಾಡಿದರೆ ಎಲ್ಲ ಹಾಳು ಎಂದು ಅಜ್ಜ ಹೇಳಿದ್ದು ನೆನಪಿತ್ತು. ಕೊನೆಗೆ ಮತ್ತೆ ಹಳದಿ ಜ್ವಾಲೆಯಲ್ಲಿ, ಮಸಿ ಹಿಡಿಯುವವರೆಗೂ ಮೆಲ್ಲಗೆ ತಿರುಗಿಸಿದಳು. ಆಮೇಲೆ ದಪ್ಪ ಬಟ್ಟೆಯಲ್ಲಿ ಸುತ್ತಿಟ್ಟು, ಕೈ ಕಟ್ಟಿ ನಿಂತಳು.

“ಹೋಗೇ!”

“ಇಲ್ಲ. ಆರ್ಬೇಕು.”

ಹೊರಗೆ ಗಡಿಯಾರ ಓಡುತ್ತಿದೆ, ಇವಳು ಒಳಗೆ ಗಾಜು ಆರಲಿ ಎಂದು ಕಾಯುತ್ತಿದ್ದಾಳೆ! ಆ ಹೊತ್ತಿನಲ್ಲಿ ನಾನು ಬದುಕಿ ಉಳಿದದ್ದೇ ಹೆಚ್ಚು. ಕೊನೆಗೆ ಬಟ್ಟೆ ಬಿಚ್ಚಿ, ಕೈಯ ಹಿಂಬದಿಯಿಂದ ಮುಟ್ಟಿ ನೋಡಿ, ಎದೆಗವಚಿಕೊಂಡು ಓಡಿದಳು.

ಪ್ರಯೋಗಾಲಯದಲ್ಲಿ ಮೊದಲು ನೀರು ಬಿಟ್ಟಳಂತೆ. ಒಂದು ಹನಿಯೂ ಸೋರಲಿಲ್ಲ. ಆಮೇಲೆ ಬೆಂಕಿ ಹೊತ್ತಿಸಿದಳು. ಗಂಟೆ ಬಾರಿಸಿದಾಗ ಅವಳ ಸೀಸೆಯಲ್ಲಿ ಇರಬೇಕಾದ ದ್ರವದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಇತ್ತು, ಆದರೆ ಕನ್ನಡಿಯಷ್ಟು ತಿಳಿಯಾಗಿತ್ತು.

ಫಲಿತಾಂಶ ಬರುವವರೆಗೆ ನಾನು ದಿನವೂ ಕಾಲೇಜಿನ ಕಚೇರಿಗೆ ಹೋಗಿ ವಿಚಾರಿಸಿ ಬಂದೆ. ಬಂತು. ಬಿ! ಅತ್ತೆ ಈ ಸಲವೂ ಅತ್ತರು, ಆದರೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾ ಅತ್ತರು. ನನ್ನ ಗಂಡ ಯಾವತ್ತೂ ಇಲ್ಲದ್ದು, ಬಸ್ಸನ್ನು ನಮ್ಮ ಬೀದಿಯ ತುದಿಯಲ್ಲಿ ನಿಲ್ಲಿಸಿ ಹಾರನ್ ಬಾರಿಸಿದರು. ನನಗೆ ಮಾತ್ರ ಮೈ ಉರಿಯಿತು, ಯಾಕೆಂದರೆ ಆ ಪಕ್ಕದ ಹುಡುಗಿಗೆ ಎ ಬಂದಿತ್ತು. “ನಿನ್ನ ಕಂಡೆನ್ಸರ್‌ನಲ್ಲಿ ಅವಳಿಗೆ ಎ, ನಿನಗೆ ಬಿ! ನ್ಯಾಯಾನಾ ಇದು?” ಎಂದೆ. ನಾದಿನಿ ನಕ್ಕೂ ನಕ್ಕೂ ಗೋಡೆಗೆ ಒರಗಿದಳು. “ಅತ್ತಿಗೆ, ನಾನು ಮಾಡಿದ ಕಂಡೆನ್ಸರ್ ಎ ತರೋ ಹಾಗಿದೆ ಅಂತಾಯ್ತಲ್ಲ” ಎಂದಳು. ಗುಮಾಸ್ತ ಅಂಕಪಟ್ಟಿಯನ್ನು ಮತ್ತೆ ಮೇಲಿಂದ ಕೆಳಗೆ ನೋಡಿ, ಮೊಹರು ಒತ್ತಿದ.

ಅವಳು ಹುದ್ದೆಗೆ ಸೇರುವ ದಿನಕ್ಕೆಂದು ನಾನು ಒಂದು ದಪ್ಪ ಏಪ್ರನ್ ಹೊಲಿದೆ. “ಎದೆ ಮೇಲೆ ‘ಫಳಾರ್’ ಅಂತ ಹೊಲಿದುಕೊಡಿ ಅತ್ತಿಗೆ” ಎಂದಳು. “ಆ ಹೆಸರು ನನ್ನ ಸೂಜಿಯಲ್ಲಿ ಬರಲ್ಲ” ಎಂದೆ ಖಡಾಖಂಡಿತ. ಏನೂ ಬರೆಯದ ಏಪ್ರನ್ನನ್ನೇ ಒಯ್ದು ಕೊಟ್ಟು, ಅವಳು ಬೆಂಕಿ ಹೊತ್ತಿಸುವುದನ್ನು ಕಣ್ತುಂಬಾ ನೋಡೋಣವೆಂದು ಅದೇ ಮೆಟ್ಟಿಲ ಮೇಲೆ ಕೂತೆ.

ಬಾಗಿಲಲ್ಲಿ ಆಗಲೇ ಇಬ್ಬರು ಮೂವರು ಹುಡುಗರು ಚೂರುಗಳ ತಟ್ಟೆ ಹಿಡಿದು ಸಾಲು ನಿಂತಿದ್ದರು. ಅವರ ಹಿಂದೆ ಬಂದು ನಿಂತವರು ಗಡಿಯಾರ ಮೇಡಂ. ಅವರ ಕೈಯಲ್ಲೂ ತಟ್ಟೆ, ತಟ್ಟೆಯಲ್ಲಿ ಚೂರು! ಹುಡುಗರು ಗಾಬರಿಯಿಂದ ದಾರಿ ಬಿಟ್ಟರು. “ಬೇಡ ಬೇಡ, ನನ್ನ ಸರದಿ ಬರಲಿ” ಎಂದು ಅಲ್ಲೇ ನಿಂತರು.

ನಾನು ಸುಮ್ಮನಿರುವ ಹೆಂಗಸೇ? “ನೀವೂ ಒಡೆದ್ರಾ ಮೇಡಂ?” ಎಂದೆ.

“ನೀರು ಬಿಡೋಕೆ ಮರೆತೆ ಕಣಮ್ಮ” ಎಂದರು, ಮುಖ ಕೆಂಪಗೆ ಮಾಡಿಕೊಂಡು. ನಾನು ಯಾರೆಂದು ಅವರಿಗೆ ಗೊತ್ತಿತ್ತೋ ಏನೋ, ಪಕ್ಕಕ್ಕೆ ಬಗ್ಗಿ ಮೆಲ್ಲಗೆ ಹೇಳಿದರು: “ಅವತ್ತು ಸಿ ಕೊಟ್ಟದ್ದು ಒಡೆದದ್ದಕ್ಕಲ್ಲ. ಒಡೆದ ಮೇಲೆ ಏನೂ ಮಾಡದೆ ನಿಂತದ್ದಕ್ಕೆ. ಈ ಸಲ ಅವಳು ನಿಲ್ಲಲಿಲ್ಲ, ನೋಡಿ.” ಆಮೇಲೆ ಒಳಗೆ ಇಣುಕಿ, ಆ ಹುಡುಗರೆದುರೇ ದೊಡ್ಡದಾಗಿ ಕೂಗಿದರು: “ಫಳಾರ್ ಮೇಡಂ, ನನ್ನದೂ ಒಂದಿದೆ, ಬೆಸೆದು ಕೊಡ್ತೀರಾ?”

“ಕೂತ್ಕೊಳ್ಳಿ ಮೇಡಂ, ಎಲ್ಲಿ ಒಡೆದಿದೆ ನೋಡೋಣ” ಎಂದಳು ನನ್ನ ನಾದಿನಿ.

ನನಗೆ ಕಣ್ಣು ತುಂಬಿ ಬಂತು. ಮೂಗೊರೆಸಿಕೊಂಡು ಒಳಗೆ ಹೋಗಿ, “ಬಿಚ್ಚೇ ಅದನ್ನ” ಎಂದು ಏಪ್ರನ್ ಕಿತ್ತುಕೊಂಡು ಬಂದೆ. ಚೀಲದಿಂದ ಸೂಜಿ, ಕೆಂಪು ದಾರ ತೆಗೆದು, ಅದೇ ಮೆಟ್ಟಿಲ ಮೇಲೆ ಕೂತು, ಅದರ ಎದೆಯ ಮೇಲೆ ದೂರದಿಂದಲೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಹೊಲಿದೆ: ಫಳಾರ್ ಮೇಡಂ.