ಗೊತ್ತಿರುವ ಮಾತು ಮೊದಲು

ಮೇಡಂ ಕುರ್ಚಿಯಲ್ಲಿ ಕೂತರೂ ಅವರ ಬಲಗಾಲು ಕೂರುತ್ತಿರಲಿಲ್ಲ. ಮೇಜಿನ ಕೆಳಗೆ ಕುಣಿಯುತ್ತಲೇ ಇರುತ್ತಿತ್ತು. ಚಪ್ಪಲಿ ಎಲ್ಲೋ, ಪಾದ ಎಲ್ಲೋ. ತರೀಕೆರೆಯಿಂದ ಕಡೂರಿನ ನಮ್ಮ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಸೀಟು ಸಿಕ್ಕಿದರೂ ನಿಂತೇ ಬರುತ್ತಾರೆಂದು ನಾವು ಆಡಿಕೊಳ್ಳುತ್ತಿದ್ದೆವು.

ನನ್ನ ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವರೇ ಗೈಡ್. ಒಂದು ಕೋಣೆಯೊಳಗೆ, ವೈರಿಲ್ಲದೆ, ಮಿಲಿಮೀಟರ್ ಉದ್ದದ ರೇಡಿಯೋ ಅಲೆಗಳಲ್ಲಿ ಅತಿ ವೇಗವಾಗಿ ಡೇಟಾ ಕಳಿಸುವ ಕೆಲಸ. ತೊಂದರೆಯೆಂದರೆ, ಅಲೆ ನೇರವಾಗಿಯೂ ಬರುತ್ತದೆ. ಗೋಡೆಗೆ, ಕಬ್ಬಿಣದ ಬೀರುವಿಗೆ ಬಡಿದು ಚೂರು ತಡವಾಗಿಯೂ ಬರುತ್ತದೆ. ಹಿಂದಿನ ಅಕ್ಷರ ಮುಂದಿನದರ ಮೇಲೆ ಬಿದ್ದು ಎಲ್ಲ ಕಲಸುಮೇಲೋಗರ. ಅದನ್ನು ಬಿಡಿಸಿ ಕೊಡುವುದೇ ಈಕ್ವಲೈಸರ್. ಅದಕ್ಕಾಗಿ ಪ್ರತಿ ಸಲವೂ ಮೊದಲು, ಕಳಿಸುವ ಮತ್ತು ಪಡೆಯುವ ಎರಡೂ ಕಡೆಗೆ ಗೊತ್ತಿರುವ ಒಂದು ಸಾಲನ್ನು ಕಳಿಸಬೇಕು. ನನಗೋ ಅವಸರ. "ಗೊತ್ತಿರೋದನ್ನೇ ಯಾಕೆ ಕಳಿಸ್ಬೇಕು ಮೇಡಂ? ದಂಡ ಅಲ್ವಾ?" ಎಂದೆ.

"ಬಸ್‌ಸ್ಟ್ಯಾಂಡಲ್ಲಿ ಕಂಡಕ್ಟರ್ 'ಡೂರ್‌ಡೂರ್‌ಡೂರ್' ಅಂತಾನೆ. ಕಡೂರು ಅಂತ ನಿಂಗೆ ಹೆಂಗೆ ತಿಳೀತು? ಊರು ಮೊದ್ಲೇ ಗೊತ್ತು. ಗೊತ್ತಿರೋದು ಎಷ್ಟು ಕೆಟ್ಟು ಬಂತು ಅಂತ ನೋಡು, ಗೊತ್ತಿಲ್ದಿರೋದನ್ನ ಹಂಗೇ ಸರಿ ಮಾಡ್ಕೋ. ಅಷ್ಟೇ ಕಣೇ."

ಹೇಳುತ್ತಲೇ ಎದ್ದು ಎರಡು ಆಂಟೆನಾಗಳ ನಡುವೆ ಅಡ್ಡಾಡಿದರು. ಲಿಂಕ್ ಕಡಿದುಹೋಯಿತು. "ಒಂದು ಕಡೆ ನಿಲ್ಲಿ ಮೇಡಂ!" ಎಂದು ರೇಗಿದೆ. "ನಾನು ಅಲ್ಲಾಡಿದೆ, ದಾರಿ ಬದಲಾಯ್ತು. ಮತ್ತೆ ಮೊದ್ಲಿಂದ ಕಲೀಲಿ ಬಿಡು ನಿನ್ನ ಈಕ್ವಲೈಸರ್," ಎಂದು ನಕ್ಕರು.

ಕಳೆದ ವರ್ಷ ಅವರಿಗೆ ಲಕ್ವ ಹೊಡೆದಿದೆ ಎಂದು ತಿಳಿದು ಅಜ್ಜಂಪುರದ ಅವರ ಅಕ್ಕನ ಮನೆಗೆ ಓಡಿದೆ. ಆ ಬಲಗಾಲು ಮಂಚದ ಮೇಲೆ ಸುಮ್ಮನೆ ಬಿದ್ದಿತ್ತು. ನನಗೆ ನೋಡಲಾಗಲಿಲ್ಲ. ಮಾತು ಪೂರ್ತಿ ತೊದಲು. ಅಕ್ಕ ಅವರ ಕಿವಿಯ ಹತ್ತಿರ ಬಾಗಿ "ನೀರಾ? ಸೆಕೆನಾ?" ಎಂದು ಕೂಗುತ್ತಿದ್ದರು. ಮೇಡಂ ಎಡಗೈಯಿಂದ ಮಂಚ ಗುದ್ದುತ್ತಿದ್ದರು, ಕಣ್ಣಲ್ಲಿ ನೀರು.

"ಆಸ್ಪತ್ರೆಯಿಂದ ಬಂದಾಗಿಂದ ಒಂದೇ ಮಾತು ಹೇಳ್ತಾಳೆ ಕಣವ್ವಾ. ಏನು ಅಂತ ತಿಳೀದೆ ಸಾಯ್ತಾ ಇದೀನಿ," ಎಂದು ಅಕ್ಕ ಅತ್ತರು.

ನಾನು ಪಕ್ಕದಲ್ಲಿ ಕೂತೆ. "ಮೇಡಂ, ಮೊದ್ಲು ಊರುಗಳು. ಕಡೂರು ಅನ್ನಿ."

ಗುದ್ದುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಅವರಿಗೆ ತಕ್ಷಣ ಅರ್ಥವಾಯಿತು. ಕಡೂರು "ಅಊಉ" ಆಗಿ ಬಂತು. ಆಮೇಲೆ ಬೀರೂರು, ತರೀಕೆರೆ, ಲಕ್ಕವಳ್ಳಿ, ಮತ್ತೆ ಮೊದಲಿಂದ. ಕಕಾರ ಎಲ್ಲಿ ಕರಗುತ್ತದೆ, ರಕಾರ ಏನಾಗುತ್ತದೆ ಎಂಬುದನ್ನು ನನ್ನ ಕಿವಿ ಹಿಡಿಯತೊಡಗಿತು. "ಈಗ ನಿಮ್ಮ ಮಾತು ಹೇಳಿ," ಎಂದೆ. ಹೇಳಿದರು. ಇನ್ನೊಮ್ಮೆ ಹೇಳಿಸಿದಾಗ ಸಿಕ್ಕಿತು.

"ಕೂಗ್ಬೇಡ ಅಂತಿದಾರೆ ಅಕ್ಕಾ. ಕಿವಿ ಚೆನ್ನಾಗಿ ಕೇಳುತ್ತಂತೆ."

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡರು. ಸ್ವಲ್ಪ ಹೊತ್ತಿಗೆ ತಂಗಿಯ ಪಕ್ಕ ಕೂತು, ಮೆಲ್ಲಗೆ, ತಾವೂ ಊರುಗಳನ್ನು ಹೇಳಿಸತೊಡಗಿದರು.

ಮೇಡಂ ಹೆಚ್ಚು ಕಾಲ ಬದುಕಲಿಲ್ಲ. ಅವರು ಹೋಗುವ ಮುಂಚಿನ ವಾರ ಅಕ್ಕ ನನಗೆ ಫೋನ್ ಮಾಡಿದ್ದರು. ದನಿಯಲ್ಲಿ ಅಂಥ ಸಂಭ್ರಮವನ್ನು ನಾನು ಕೇಳಿರಲೇ ಇಲ್ಲ: "ಇವತ್ತು ನಂಗೆ ಚೆನ್ನಾಗಿ ಬೈದ್ಲು ಕಣವ್ವಾ. ಒಂದಕ್ಷರನೂ ಬಿಡ್ದಂಗೆ ತಿಳೀತು!"