ತಿರುಗಿ ನೋಡಬೇಡ

ನಮ್ಮ ರಾಕ್ ಬ್ಯಾಂಡು ನಾಲ್ಕು ಜನಕ್ಕೆ ಗೊತ್ತಾಗಿದ್ದೇ ‘ತಿರುಗಿ ನೋಡಬೇಡ, ನಡಿ’ ಅನ್ನೋ ಹಾಡಿನಿಂದ. ಇಂಟರ್‌ವ್ಯೂಗೆ ಬಂದವರೆಲ್ಲ ಅದನ್ನು ಬರೆಸಿದ ಹುಡುಗಿ ಯಾರು ಅಂತಲೇ ಕೇಳುತ್ತಿದ್ದರು. ನಾನು ನಕ್ಕು ಮಾತು ಬದಲಿಸುತ್ತಿದ್ದೆ.

ಮಾಗಡಿ ಹತ್ತಿರದ ಒಂದು ಬೀಗರೂಟದಲ್ಲಿ ಮದುಮಗನೇ ಆ ಹಾಡು ಬೇಕೆಂದ. ಪಲ್ಲವಿ ಮುಗಿಯುವಷ್ಟರಲ್ಲಿ ಅವನ ಅಜ್ಜಿ ಸ್ಟೇಜಿನ ಹತ್ತಿರ ಬಂದು ಕೈ ಎತ್ತಿದರು. ಹಾಡು ನಿಲ್ಲಿಸಿದೆವು.

"ಮಣ್ಣು ಮಾಡಿ ಬರೋವಾಗ ಹೇಳೋ ಮಾತಲ್ವೇನಪ್ಪ ಇದು? ನಿಮ್ಮೋರು ಯಾರು ಹೋಗಿದ್ರು?"

ಇಷ್ಟು ವರ್ಷದಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. "ನಮ್ಮಪ್ಪ" ಅಂದೆ. ಅವತ್ತು ಹೊಲದಲ್ಲಿ ಅಪ್ಪನನ್ನು ಮಣ್ಣು ಮಾಡಿ ವಾಪಸ್ ಬರುವಾಗ ದೊಡ್ಡಪ್ಪ ನನ್ನ ಹೆಗಲು ಹಿಡಿದು ಹೇಳಿದ ಮಾತೇ ಪಲ್ಲವಿಯಾಗಿತ್ತು.

ಅಜ್ಜಿ ನನ್ನ ಕೈ ಹಿಡಿದರು. "ಹಾಡು ಚೆಂದಾಗೈತೆ ಕಣಪ್ಪ, ಇಲ್ಲಿ ಬ್ಯಾಡ ಅಷ್ಟೇ. ಬಾ, ಉಣ್ಣು" ಎಂದು ಕರೆದೊಯ್ದು, ಪಕ್ಕದಲ್ಲೇ ನಿಂತು ಮುದ್ದೆ ಮೇಲೆ ಮುದ್ದೆ ಇಕ್ಕಿಸಿದರು.

ಹೊರಟಾಗ ಹಿಂದಿನಿಂದ ಕೂಗಿದರು: "ಒಸಿ ತಿರುಗಿ ನೋಡ್ಕಂಡು ಹೋಗಪ್ಪ, ಇದು ಮದ್ವೆ ಮನೆ."

ತಿರುಗಿ ನೋಡಿದೆ. ಅಜ್ಜಿ ಕೈ ಬೀಸುತ್ತಿದ್ದರು. ಮದುಮಗ ಮಾತ್ರ ಹಾಡು ಅರ್ಧಕ್ಕೇ ನಿಂತಿದ್ದಕ್ಕೆ ಇನ್ನೂ ಮುಖ ಊದಿಸಿಕೊಂಡೇ ಇದ್ದ.